ಗೌರವ ನಿಮಗೆ, ಧನ ನಮಗೆ

"ಬಡವರು ಯಾಕೆ ಬಡವರಾಗಿಯೇ ಇದ್ದಾರೆ ಗೊತ್ತಾ? ಮೈ ಬಗ್ಗಿಸಿ ಕೆಲಸ ಮಾಡಲ್ಲ ಸ್ವಾಮಿ. ಅಷ್ಟೇ."

ಈ ಮಹಾ ಸಂಶೋಧನೆಯನ್ನು ಮಂಡಿಸಿದವರು ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಗಳು. ಬೆಳಿಗ್ಗೆ ಒಂಬತ್ತು ಗಂಟೆ. ಲಿಫ್ಟಿನ ಪಕ್ಕದ ಸೋಫಾ. ಕೈಯಲ್ಲಿ ಕಾಫಿ ಲೋಟ.

ಆ ಕಾಫಿಯ ಹಾಲನ್ನು ಬಾಗಿಲಿಗೆ ನೇತುಹಾಕಿ ಹೋದ ಹುಡುಗ ಎದ್ದದ್ದು ನಾಲ್ಕಕ್ಕೆ. ಕಾಫಿ ಬೆರೆಸಿಕೊಟ್ಟ ಅಡುಗೆಯಾಕೆ ಎರಡು ಬಸ್ಸು ಬದಲಿಸಿ ಆರೂವರೆಗೆ ಬಂದವಳು. ಅವರ ಕಾರನ್ನು ಒಬ್ಬ ಒರೆಸಿಟ್ಟು ಹೋಗಿದ್ದಾನೆ. ಅವರು ಬೇರೆ ಮಾಡದೆ ಒಂದೇ ಚೀಲಕ್ಕೆ ತುಂಬಿದ ಹಸಿ ಕಸ, ಒಣ ಕಸವನ್ನು ಇನ್ನೊಬ್ಬಾಕೆ ಬರಿಗೈಯಲ್ಲಿ ಬೇರೆ ಮಾಡಿದ್ದಾಳೆ. ಗೇಟಿನ ಸೆಕ್ಯುರಿಟಿಯವನು ಮೂರು ಸಲ ಸಲ್ಯೂಟ್ ಹೊಡೆದಿದ್ದಾನೆ.

ಒಂಬತ್ತರೊಳಗೆ ಐದು ಜನ ಒಬ್ಬ ಮನುಷ್ಯನಿಗಾಗಿ ದುಡಿದಾಗಿದೆ. ಐವರೂ ಬಡವರು. ಆ ಹೊತ್ತಿಗೆ ಖಜಾಂಚಿಗಳು ಮಾಡಿದ್ದ ಕೆಲಸ ಒಂದೇ. ಅಭಿಪ್ರಾಯ ಹೇಳಿದ್ದು.

ಅವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಬಡತನಕ್ಕೆ ಉದ್ಯೋಗವೇ ಮದ್ದು ಅಂತ ಪ್ರತಿ ಚುನಾವಣೆಯಲ್ಲೂ ಪ್ರತಿ ಪಕ್ಷವೂ ಹೇಳುತ್ತದೆ. ಕೈಗೆ ಕೆಲಸ ಕೊಡುತ್ತೇವೆ ಅನ್ನುತ್ತದೆ. ಕೆಲಸ ಇದೆ ಸ್ವಾಮಿ. ಕೈತುಂಬ ಇದೆ. ಕೈ ತುಂಬದೇ ಇರುವುದು ತಿಂಗಳ ಕೊನೆಗೆ.

ಕೇಂದ್ರ ಸರ್ಕಾರವೇ ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ಪೋರ್ಟಲ್ ಮಾಡಿತು. 2022ರ ಹೊತ್ತಿಗೆ 27 ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದ್ದರು. ಅವರಲ್ಲಿ ಶೇ 94ರಷ್ಟು ಮಂದಿಯ ತಿಂಗಳ ಆದಾಯ ₹10,000 ದಾಟಿರಲಿಲ್ಲ. ಇದು ನಿರುದ್ಯೋಗಿಗಳ ಪಟ್ಟಿಯಲ್ಲ. ಕೆಲಸ ಇದ್ದವರ ಪಟ್ಟಿ.

ಸೋಮಾರಿಗಳು 25 ಕೋಟಿ ಇದ್ದಾರೆ ಅಂತಾದರೆ, ಈ ದೇಶದ ಮನೆ ಕಟ್ಟಿದವರು ಯಾರು, ಬಟ್ಟೆ ಹೊಲಿದವರು ಯಾರು, ಭತ್ತ ನೆಟ್ಟವರು ಯಾರು? ಖಜಾಂಚಿಗಳಂತೂ ಅಲ್ಲ. ನಾನೂ ಅಲ್ಲ.

ನಮ್ಮಲ್ಲಿ ಸಂಬಳ ಕೊಡದೆ ಕೆಲಸ ಮಾಡಿಸಿಕೊಳ್ಳುವುದು ಒಂದು ಕಲೆ. ಆ ಕಲೆಯ ಮೊದಲ ಪಾಠ, ಕೆಲಸಗಾರರನ್ನು ಕೆಲಸಗಾರರು ಅಂತ ಕರೆಯಬಾರದು. ಕರೆದರೆ ಕಾನೂನು ಕಿವಿ ನಿಮಿರಿಸುತ್ತದೆ. ಬೇರೆ ಏನಾದರೂ ಕರೆಯಬೇಕು. ಹೆಸರು ಎಷ್ಟು ದೊಡ್ಡದೋ ಸಂಬಳ ಅಷ್ಟು ಚಿಕ್ಕದು.

ಕಾರ್ಯಕರ್ತೆ. ಸಹಾಯಕಿ. ಅತಿಥಿ. ಪಾಲುದಾರ.

ಇವರಲ್ಲಿ ಕೆಲವರಿಗೆ ಸರ್ಕಾರ ಕೊಡುವ ಹಣಕ್ಕೂ ಚೆಂದದ ಹೆಸರಿದೆ: ಗೌರವಧನ. ಎಂಥ ಸಮಾಸ ನೋಡಿ. ಗೌರವ ಅವರಿಗೆ. ಧನ ಸರ್ಕಾರಕ್ಕೆ ಉಳಿತಾಯ.

ಆಶಾ ಕಾರ್ಯಕರ್ತೆಯರನ್ನೇ ತೆಗೆದುಕೊಳ್ಳಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಇವರನ್ನು ಸ್ವಯಂಸೇವಕಿಯರು ಅಂತ ಕರೆಯಲಾಯಿತು. ಸ್ವಂತ ಖುಷಿಯಿಂದ ಬಂದವರು ಅಂತ ಅರ್ಥ. ಖುಷಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಬಸುರಿಯನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯುವುದು ಖುಷಿ. ಮನೆ ಮನೆ ಸರ್ವೆ ಖುಷಿ. ಕೋವಿಡ್ ಕಾಲದಲ್ಲಿ ಡಾಕ್ಟರೇ ಹತ್ತಿರ ಬರಲು ಹೆದರುತ್ತಿದ್ದ ಮನೆಗಳ ಬಾಗಿಲು ಬಡಿದದ್ದು ಮಹಾ ಖುಷಿ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಮಂತ್ರಿಗಳೆಲ್ಲ ಟ್ವೀಟ್ ಮಾಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆಯನ್ನು ನಾವು ಇಷ್ಟು ದಿನ ಶೋಕಿವಾಲರಿಗೆ ಹೇಳುತ್ತಿದ್ದೆವು. ಇಲ್ಲಿ ಮಲ್ಲಿಗೆ ಮುಡಿಸಿದವರೇ ಬೇರೆ, ಹಿಟ್ಟು ಬಚ್ಚಿಟ್ಟವರೇ ಬೇರೆ.

ಅಂಗನವಾಡಿಯದು ಇನ್ನೂ ಹಳೆಯ ಕಥೆ. 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ದೇಶದ 33 ಕಡೆ ಈ ಯೋಜನೆ ಆರಂಭವಾಯಿತು. ಅದರಲ್ಲಿ ಒಂದು ನಮ್ಮ ಟಿ. ನರಸೀಪುರ. ಐವತ್ತು ವರ್ಷ ಆಯಿತು. ಅಜ್ಜಿ ಅಂಗನವಾಡಿಯಲ್ಲಿ ಕೆಲಸ ಮಾಡಿ, ಅಮ್ಮ ಮಾಡಿ, ಈಗ ಮಗಳು ಮಾಡುತ್ತಿರುವ ಮನೆಗಳಿವೆ. ಆದರೂ ಅದು 'ಯೋಜನೆ'ಯೇ. ಹುದ್ದೆಯಲ್ಲ. ಅಂಗನವಾಡಿಯವರು ಸರ್ಕಾರಿ ಹುದ್ದೆಯಲ್ಲಿಲ್ಲ ಅಂತ ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದ್ದು ಕರ್ನಾಟಕ ಸರ್ಕಾರದ್ದೇ ಮೊಕದ್ದಮೆಯಲ್ಲಿ. ಇಷ್ಟು ಶ್ರದ್ಧೆಯಿಂದ ನಮ್ಮ ಸರ್ಕಾರ ಇನ್ಯಾವ ಕೇಸನ್ನು ಗೆದ್ದಿದೆಯೋ ಗೊತ್ತಿಲ್ಲ.

ಹುದ್ದೆಯಲ್ಲ, ಆದರೆ ಕೆಲಸಕ್ಕೆ ಕಡಿಮೆಯಿಲ್ಲ. ಮಕ್ಕಳಿಗೆ ಪಾಠ, ಊಟ, ತೂಕ. ಬಾಣಂತಿಗೆ ಮೊಟ್ಟೆ. ಮತದಾರರ ಪಟ್ಟಿ. ಯಾವುದೇ ಇಲಾಖೆಗೆ ಯಾವುದೇ ಸರ್ವೆ ಬೇಕಾದರೂ ಮೊದಲು ನೆನಪಾಗುವುದು ಅಂಗನವಾಡಿ ಟೀಚರ್. ಇಷ್ಟಕ್ಕೂ ಕೇಂದ್ರದ ಲೆಕ್ಕದಲ್ಲಿ ಆಕೆಗೆ ತಿಂಗಳಿಗೆ ₹4,500. ಸಹಾಯಕಿಗೆ ₹2,250. ಇದು 2018ರಲ್ಲಿ ಏರಿಸಿದ ಮೇಲಿನ ಮಾತು. ರಾಜ್ಯ ತನ್ನ ಪಾಲು ಸೇರಿಸುತ್ತದೆ. ಸೇರಿಸಿ, ಪ್ರತಿ ಬಜೆಟ್‌ನಲ್ಲೂ ಐನೂರೋ ಸಾವಿರವೋ ಏರಿಸಿ, ಮೇಜು ಕುಟ್ಟಿಸಿಕೊಳ್ಳುತ್ತದೆ.

ಬಿಸಿಯೂಟದ ಅಡುಗೆಯವರ ಲೆಕ್ಕ ಕೇಳಿದರೆ ಮೇಜಿಗೂ ನಾಚಿಕೆಯಾಗಬೇಕು. 2009ರಲ್ಲಿ ಕೇಂದ್ರ ನಿಗದಿ ಮಾಡಿದ ಗೌರವಧನ ತಿಂಗಳಿಗೆ ₹1,000. ವರ್ಷಕ್ಕೆ ಹತ್ತೇ ತಿಂಗಳು. ಆಮೇಲೆ ಎಷ್ಟು ಬೆಲೆ ಏರಿತು, ಎಷ್ಟು ಸರ್ಕಾರ ಬಂತು, ಹೋಯಿತು. 2021ರಲ್ಲಿ ಯೋಜನೆಯ ಹೆಸರೇ ಬದಲಾಗಿ ಪಿಎಂ ಪೋಷಣ್ ಆಯಿತು. ಸಾವಿರ ಮಾತ್ರ ಬದಲಾಗಲಿಲ್ಲ. ಕರ್ನಾಟಕ ತನ್ನ ಕಡೆಯಿಂದ ಮೂರ್ನಾಲ್ಕು ಸಾವಿರ ಕೂಡಿಸಿದೆ. ನೂರಾರು ಮಕ್ಕಳಿಗೆ ಅನ್ನ ಬೇಯಿಸುವ ಕೈಗೆ ದಿನಕ್ಕೆ ನೂರೈವತ್ತು ರೂಪಾಯಿ ಆಸುಪಾಸು.

ಹತ್ತು ತಿಂಗಳು ಯಾಕೆ? ಏಪ್ರಿಲ್-ಮೇ ರಜೆ. ಶಾಲೆ ಇಲ್ಲ, ಅಡುಗೆ ಇಲ್ಲ. ಬೇಸಿಗೆಯಲ್ಲಿ ಅಡುಗೆಯವಳಿಗೆ ಹಸಿವಾಗುವುದಿಲ್ಲ ಅಂತ ದಿಲ್ಲಿಯಲ್ಲಿ ಯಾರೋ ಕಂಡುಹಿಡಿದಿರಬೇಕು.

ಇನ್ನು ಅತಿಥಿಗಳು. ಅತಿಥಿ ಉಪನ್ಯಾಸಕರು, ಅತಿಥಿ ಶಿಕ್ಷಕರು. ತಿಥಿ ನೋಡದೆ ಬರುವವನು ಅತಿಥಿ ಅಂತ ಹಿರಿಯರು ಅರ್ಥ ಹೇಳುತ್ತಿದ್ದರು. ನಮ್ಮ ಶಿಕ್ಷಣ ಇಲಾಖೆ ಈ ಪದವನ್ನು ಸರಿಯಾಗಿಯೇ ಬಳಸಿದೆ. ಇವರ ಸಂಬಳಕ್ಕೆ ತಿಥಿಯಿಲ್ಲ. ಜೂನ್‌ನದು ಅಕ್ಟೋಬರ್‌ಗೆ ಬಂದರೂ ಬಂತು.

ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿಗಳ ಹೆಗಲ ಮೇಲೆ ನಿಂತಿವೆ. ಮನೆಯವರಿಗಿಂತ ಅತಿಥಿಗಳೇ ಜಾಸ್ತಿ ಇರುವ ಮನೆಯನ್ನು ಛತ್ರ ಅನ್ನುತ್ತಾರೆ. ನನಗೆ ಗೊತ್ತಿರುವ ಒಬ್ಬರು ಹದಿಮೂರು ವರ್ಷದಿಂದ ಅತಿಥಿ. ಅರ್ಥಶಾಸ್ತ್ರ ಪಾಠ ಮಾಡುತ್ತಾರೆ. ಬೇಡಿಕೆ, ಪೂರೈಕೆ, ಕೂಲಿ ನಿರ್ಧಾರ. ರಜೆಯಲ್ಲಿ ಸಂಬಳವಿಲ್ಲದ ಕಾರಣ ಬೇಸಿಗೆಯಲ್ಲಿ ಬೈಕಿನ ಹಿಂದೆ ಚೌಕ ಡಬ್ಬಿ ಕಟ್ಟಿಕೊಂಡು ಮನೆ ಮನೆಗೆ ಬಿರಿಯಾನಿ ಮುಟ್ಟಿಸುತ್ತಾರೆ. ಒಮ್ಮೆ ಬಾಗಿಲು ತೆರೆದದ್ದು ಅವರದೇ ವಿದ್ಯಾರ್ಥಿ. "ಸರ್, ನೀವಾ?" ಅಂದನಂತೆ. ಪಾಪ, ಐದು ಸ್ಟಾರ್ ಕೊಟ್ಟ.

ಆ ಬಿರಿಯಾನಿ ಕಂಪನಿ ಇವರನ್ನು ಏನೆಂದು ಕರೆಯುತ್ತದೆ ಗೊತ್ತೇ? ಪಾಲುದಾರ. ಪಾರ್ಟ್ನರ್. ಪೆಟ್ರೋಲು ಇವರದು, ಬೈಕು ಇವರದು, ಮಳೆ ಇವರದು, ಬಿದ್ದರೆ ಮುರಿಯುವ ಕಾಲೂ ಇವರದು. ಪಾಲು ಮಾತ್ರ ಕಂಪನಿಯದು. ಕಾಲೇಜಿದ್ದಾಗ ಅತಿಥಿ, ರಜೆಯಲ್ಲಿ ಪಾಲುದಾರ. ಎರಡು ಕೆಲಸ ಮಾಡುವ ಈ ಮನುಷ್ಯ ಯಾವ ಲೆಕ್ಕದಲ್ಲೂ ಕೆಲಸಗಾರನಲ್ಲ. ಇಂಥ ಪಾಲುದಾರರು ದೇಶದಲ್ಲಿ 2029-30ರ ಹೊತ್ತಿಗೆ 2.35 ಕೋಟಿ ಆಗುತ್ತಾರೆ ಅಂತ ನೀತಿ ಆಯೋಗ ಅಂದಾಜು ಮಾಡಿದೆ. ಕರ್ನಾಟಕ 2025ರಲ್ಲಿ ಇವರಿಗಾಗಿ ಒಂದು ಕಾಯ್ದೆಯನ್ನೂ ತಂದಿತು. ಕಲ್ಯಾಣ ನಿಧಿ ಇದೆ. ನೋಡೋಣ.

ವಿಧಾನಸೌಧದ ಹಣೆಯ ಮೇಲೆ ಬರೆದಿದೆಯಲ್ಲ, ಸರ್ಕಾರದ ಕೆಲಸ ದೇವರ ಕೆಲಸ ಅಂತ. ಆ ಮಾತನ್ನು ನಾನು ಚಿಕ್ಕಂದಿನಲ್ಲಿ ತಪ್ಪು ತಿಳಿದಿದ್ದೆ. ಈಗ ಅರ್ಥವಾಗಿದೆ. ದೇವರ ಕೆಲಸಕ್ಕೆ ಯಾರೂ ಕೂಲಿ ಕೇಳುವುದಿಲ್ಲ. ಪುಣ್ಯ ಬರುತ್ತದೆ.

ಆದರೆ ಆ ಹಣೆಬರಹದ ಕೆಳಗೇ ಬಾಗಿಲು ದಾಟಿ ಒಳಗೆ ಹೋಗುವವರಿಗೆ ಈ ನಿಯಮ ಲಾಗೂ ಆಗುವುದಿಲ್ಲ. 2025ರ ಮೊದಲ ನಾಲ್ಕು ತಿಂಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ.

ಜನವರಿ. ಬೆಂಗಳೂರಿನ ಫ್ರೀಡಂ ಪಾರ್ಕ್. ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ನಾಲ್ಕು ದಿನ ಕೂತರು. ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು, ಮಕ್ಕಳನ್ನು ಕಟ್ಟಿಕೊಂಡು ಬಂದವರು. ರಾಜ್ಯದ ಗೌರವಧನ ₹5,000. ಅವರ ಕೆಲಸ ದಾಖಲಿಸುವ ಪೋರ್ಟಲ್‌ನಲ್ಲಿ ಕಾಣದ್ದಕ್ಕೆ ಪ್ರೋತ್ಸಾಹಧನವೂ ಇಲ್ಲ. ಕೊನೆಗೆ ತಿಂಗಳಿಗೆ ಕನಿಷ್ಠ ₹10,000 ಕೈಗೆ ಬರುವಂತೆ ಮಾಡುವ ಭರವಸೆ ಸಿಕ್ಕಿತು. ಭರವಸೆ. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಮತ್ತೆ ಬೀದಿಗೆ ಬಂದರು ಅನ್ನುವುದರಿಂದ ಭರವಸೆಯ ಗತಿ ಊಹಿಸಿಕೊಳ್ಳಿ.

ಮಾರ್ಚ್. ವಿಧಾನಸಭೆ. ಗದ್ದಲವೋ ಗದ್ದಲ. ಹನಿಟ್ರ್ಯಾಪ್ ಕೂಗಾಟ, ಕಾಗದ ಹರಿದು ಎಸೆದಾಟ, ಹದಿನೆಂಟು ಶಾಸಕರ ಅಮಾನತು. ಇಷ್ಟೆಲ್ಲ ಗಲಾಟೆಯ ನಡುವೆಯೂ ಒಂದು ಮಸೂದೆ ಮಗುವಿನಂತೆ ತಣ್ಣಗೆ ಪಾಸಾಯಿತು. ಶಾಸಕರ ಸಂಬಳ ₹40,000ದಿಂದ ₹80,000. ಮಂತ್ರಿಗಳದು ₹60,000ದಿಂದ ₹1.25 ಲಕ್ಷ. ಮುಖ್ಯಮಂತ್ರಿಗಳದು ₹75,000ದಿಂದ ₹1.5 ಲಕ್ಷ. ಭತ್ಯೆಗಳು ಬೇರೆ. ಯಾರೂ ಚಳಿಯಲ್ಲಿ ಕೂರಲಿಲ್ಲ. ಯಾರೂ ಆರ್ಥಿಕ ಹೊರೆ ಅನ್ನಲಿಲ್ಲ. ಯಾರೂ ಸಮಿತಿ ರಚಿಸಲಿಲ್ಲ. ಕಾರಣ ಕೇಳಿದರೆ, ಬೆಲೆ ಏರಿಕೆ. ಬೆಲೆ ಏರಿದ್ದು ಶಾಸಕರ ಭವನದ ಸುತ್ತಮುತ್ತ ಮಾತ್ರ ಅಂತ ಕಾಣುತ್ತದೆ.

ಏಪ್ರಿಲ್. ಇದೇ ಸರ್ಕಾರದ ಕಾರ್ಮಿಕ ಇಲಾಖೆ ಕನಿಷ್ಠ ವೇತನದ ಹೊಸ ಕರಡು ಹೊರಡಿಸಿತು. ಕೌಶಲವೇ ಬೇಡದ ಕೆಲಸಕ್ಕೂ ತಿಂಗಳಿಗೆ ₹19,000ದ ಮೇಲೆ. ಉದ್ಯಮಿಗಳ ಸಂಘಗಳು ಹೌಹಾರಿದವು. ಕಾರ್ಖಾನೆ ಮುಚ್ಚುತ್ತೇವೆ, ಪಕ್ಕದ ರಾಜ್ಯಕ್ಕೆ ಹೋಗುತ್ತೇವೆ ಅನ್ನುವ ಹಳೆಯ ಹಾಡು ಮತ್ತೆ ಮೊಳಗಿತು.

ಅಂದರೆ ಏನಾಯಿತು? ಈ ರಾಜ್ಯದಲ್ಲಿ ಬದುಕಲು ಇಷ್ಟಾದರೂ ಬೇಕು ಅಂತ ಏಪ್ರಿಲ್‌ನಲ್ಲಿ ಬರೆದುಕೊಟ್ಟ ಸರ್ಕಾರ, ಅದರ ಅರ್ಧದಷ್ಟನ್ನು ಜನವರಿಯಲ್ಲಿ ತನ್ನದೇ ಹೆಣ್ಣುಮಕ್ಕಳಿಗೆ ಉಪಕಾರ ಮಾಡುವವರ ಹಾಗೆ ಘೋಷಿಸಿತ್ತು. ಖಾಸಗಿ ಮಾಲೀಕನಿಗೆ ಬುದ್ಧಿ ಹೇಳುವ ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ಮೇಯ್ದು, ಗೌರವದಿಂದ ತೇಗುತ್ತಿದೆ.

ಕನಿಷ್ಠ ಅಂದರೆ ಎಷ್ಟು ಅನ್ನುವುದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. 1957ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ಕೂತು ಲೆಕ್ಕ ಹಾಕಿತ್ತು. ಆಳಿಗೆ ದಿನಕ್ಕೆ 2,700 ಕ್ಯಾಲೊರಿ ಊಟ. ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಮುಪ್ಪು, ಮದುವೆ ಅಂತ ಇನ್ನೂ ಶೇ 25 ಸೇರಿಸಬೇಕು ಅಂದಿತು. ಅದಕ್ಕೂ ಮೊದಲು, 1982ರಲ್ಲಿ, ದಿಲ್ಲಿಯ ಏಷ್ಯನ್ ಗೇಮ್ಸ್ ಕಾಮಗಾರಿಯ ಕೇಸಿನಲ್ಲಿ ಅದೇ ಕೋರ್ಟು ಸ್ಪಷ್ಟವಾಗಿ ಹೇಳಿತ್ತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನ ನಿಷೇಧಿಸಿದ ಬಲವಂತದ ದುಡಿಮೆ. ನಮ್ಮೂರ ಮಾತಿನಲ್ಲಿ, ಬಿಟ್ಟಿ ಚಾಕರಿ.

ದೇವರು ವರ ಕೊಟ್ಟ. ಪೂಜಾರಿ ಕೊಡಬೇಕಲ್ಲ. 2017ರಲ್ಲಿ ರಾಷ್ಟ್ರೀಯ ತಳಮಟ್ಟದ ಕೂಲಿ ದಿನಕ್ಕೆ ₹176 ಇತ್ತು. ತಜ್ಞರ ಸಮಿತಿ 2019ರಲ್ಲಿ ₹375 ಮಾಡಿ ಅಂತ ಲೆಕ್ಕಸಹಿತ ವರದಿ ಕೊಟ್ಟಿತು. ಸರ್ಕಾರ ವರದಿಯನ್ನು ಓದಿತು. ಯೋಚಿಸಿತು. ಎರಡು ರೂಪಾಯಿ ಏರಿಸಿತು. ₹178.

ಇನ್ನು ಕಡಿಮೆ ಕೊಟ್ಟವನಿಗೆ ಶಿಕ್ಷೆ? 1948ರ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ₹500ರವರೆಗೆ ದಂಡ ಇತ್ತು. ಜೈಲಿಗೆ ಹೋದ ಮಾಲೀಕರನ್ನು ನೀವು ನೋಡಿದ್ದರೆ ತಿಳಿಸಿ. ಐನೂರು ರೂಪಾಯಿ ಅಂದರೆ ಇವತ್ತು ನಮ್ಮ ಬೆಂಗಳೂರಿನಲ್ಲಿ ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದವನ ದಂಡ. ಹೆಲ್ಮೆಟ್ ಹಾಕದವನನ್ನು ಹಿಡಿಯಲು ಸಿಗ್ನಲ್‌ಗಳಲ್ಲಿ ಕ್ಯಾಮೆರಾ ಇದೆ. ಹೊಸ ವೇತನ ಸಂಹಿತೆ ದಂಡವನ್ನು ಏರಿಸಿದೆ, ಒಪ್ಪೋಣ. ಜತೆಗೆ ಲೇಬರ್ ಇನ್‌ಸ್ಪೆಕ್ಟರ್ ಹೆಸರನ್ನೂ ತಿದ್ದಿದೆ. ಆತ ಈಗ ಇನ್‌ಸ್ಪೆಕ್ಟರ್ ಮತ್ತು ಫೆಸಿಲಿಟೇಟರ್. ತಪಾಸಣೆ ಮಾಡುವವನೂ ಅವನೇ, ಅನುಕೂಲ ಮಾಡಿಕೊಡುವವನೂ ಅವನೇ. ಯಾರಿಗೆ ಅನುಕೂಲ ಅಂತ ನನ್ನನ್ನು ಕೇಳಬೇಡಿ.

ಆ 72 ಗಜದ ಮಾತು ಬಂತಲ್ಲ. ಅಷ್ಟು ಬಟ್ಟೆ ಗಾರ್ಮೆಂಟ್ಸ್‌ನ ಹೆಣ್ಣುಮಗಳ ಸೂಜಿಯ ಕೆಳಗೆ ಎಷ್ಟು ಹೊತ್ತಿನಲ್ಲಿ ಹರಿದುಹೋಗುತ್ತದೆ ಅಂತ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ವಿಚಾರಿಸಿ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ತಪ್ಪಿದರೆ ಸೂಪರ್‌ವೈಸರನ ಬೈಗುಳ. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ನೀರನ್ನೇ ಕುಡಿಯದವರಿದ್ದಾರೆ.

2020ರಲ್ಲಿ ಇವರಿಗೆ ಬರಬೇಕಾಗಿದ್ದ ತುಟ್ಟಿಭತ್ಯೆ ತಿಂಗಳಿಗೆ ₹417. ದಿನಕ್ಕೆ ಹದಿನಾರು ರೂಪಾಯಿ. ಕೊರೊನಾ ಕಷ್ಟ ಅಂತ ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಯಾರ ಕಷ್ಟ? ಮಾಲೀಕರದು. ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ಎಷ್ಟೋ ಕಾರ್ಖಾನೆಗಳು ತಿಂಗಳುಗಟ್ಟಲೆ ಕೊಡಲಿಲ್ಲ. ಇವರು ಹೊಲಿದ ಅಂಗಿಯ ಒಂದು ಗುಂಡಿಯ ಬೆಲೆಯನ್ನು ಡಾಲರಿನಲ್ಲಿ ವಸೂಲಿ ಮಾಡುವ ಬ್ರ್ಯಾಂಡುಗಳು ದಿನಕ್ಕೆ ಹದಿನಾರು ರೂಪಾಯಿಗೆ ಕಣ್ಣೀರು ಹಾಕಿದವು.

ಈ ಹೆಂಗಸರ ಉಳಿತಾಯ ಅಂದರೆ ಪಿಎಫ್. ಅದನ್ನು ಪೂರ್ತಿ ತೆಗೆಯಬೇಕಾದರೆ ಕೆಲಸ ಬಿಡಬೇಕು. ಮಗಳ ಮದುವೆಗೋ ಮನೆ ಸಾಲಕ್ಕೋ ಕೆಲಸ ಬಿಡುತ್ತಾರೆ. ದುಡ್ಡು ಬಂದ ಮೇಲೆ ಪಕ್ಕದ ಕಾರ್ಖಾನೆಗೆ ಹೊಸಬರಾಗಿ ಸೇರುತ್ತಾರೆ. ಐದು ವರ್ಷ ತುಂಬದೆ ಗ್ರಾಚ್ಯುಟಿ ಹೋಯಿತು. ಹಳೆಯ ಅನುಭವವೂ ಹೋಯಿತು. ಇಪ್ಪತ್ತು ವರ್ಷ ಹೊಲಿದವಳು ಇಪ್ಪತ್ತು ವರ್ಷವೂ ಹೊಸಬಳೇ. ಕೆಲಸ ಮಾಡುತ್ತಿದ್ದರೆ ಕೈಯಲ್ಲಿ ಕಾಸಿಲ್ಲ, ಬಿಟ್ಟರೆ ಕಾಸು. ಇಂಥ ವ್ಯವಸ್ಥೆ ಮಾಡಿಟ್ಟವರು ಬಡವರ ಸೋಮಾರಿತನದ ಬಗ್ಗೆ ಮಾತಾಡುತ್ತಾರೆ. 2016ರ ಏಪ್ರಿಲ್‌ನಲ್ಲಿ ಆ ಪಿಎಫ್‌ಗೂ ಕೇಂದ್ರ ಕೈಹಾಕಿದಾಗ ಈ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ದೊಡ್ಡ ನಾಯಕರಿಲ್ಲ, ಬ್ಯಾನರಿಲ್ಲ. ಎರಡೇ ದಿನದಲ್ಲಿ ದಿಲ್ಲಿ ಹಿಂದೆ ಸರಿಯಿತು. ಆ ಎರಡು ದಿನ ನಾವು ಮಾಡಿದ್ದೇನು? ಟ್ರಾಫಿಕ್ ಜಾಮ್ ಅಂತ ಗೊಣಗಿದ್ದು.

ಬಡತನದ ರೇಖೆಗೆ ಬರೋಣ. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟಿತ್ತು: ಪಟ್ಟಣದಲ್ಲಿ ದಿನಕ್ಕೆ ₹32, ಹಳ್ಳಿಯಲ್ಲಿ ₹26 ಖರ್ಚು ಮಾಡುವವನು ಬಡವನಲ್ಲ. ಆಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಈಗ ನಮ್ಮ ರಾಜ್ಯದ ರೇಖೆ ನೋಡಿ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ ₹1.20 ಲಕ್ಷ ದಾಟಬಾರದು. ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ ಹತ್ತು ಸಾವಿರ.

ಅದೇ ಹತ್ತು ಸಾವಿರ. ಆಶಾಗೆ ಕೊಟ್ಟ ಮಾತು. ರೇಖೆಯ ಮೇಲೆ ನಿಲ್ಲಿಸಿದ್ದಾರೆ, ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ. ಗುರಿ ಅಂದರೆ ಇದು. ಕಾನೂನು ಪ್ರಕಾರ ಕನಿಷ್ಠ ವೇತನ ಪಡೆದವರ ಕಥೆ ಇನ್ನೂ ಚೆಂದ. ಅವರು ರೇಖೆ ದಾಟಿಬಿಟ್ಟರು. ಶೀಟಿನ ಮನೆಯ ಒಂದೇ ಕೋಣೆಯಲ್ಲಿ ಐದು ಜನ ಮಲಗಿದರೂ ದಾಖಲೆಯಲ್ಲಿ ಅವರು ಬಡವರಲ್ಲ. 2024ರ ನವೆಂಬರ್‌ನಲ್ಲಿ ಕಾರ್ಡು ಪರಿಷ್ಕರಣೆ ಅಂತ ಗದ್ದಲ ಎದ್ದಾಗ ನ್ಯಾಯಬೆಲೆ ಅಂಗಡಿ ಮುಂದೆ ಅಳುತ್ತ ನಿಂತವರಲ್ಲಿ ಇಂಥವರೂ ಇದ್ದರು.

ಇಷ್ಟಾದ ಮೇಲೆ ಖಜಾಂಚಿಗಳ ಎರಡನೇ ಸಂಶೋಧನೆ: "ಅಕ್ಕಿ ಬಿಟ್ಟಿ, ಬಸ್ಸು ಬಿಟ್ಟಿ, ಎರಡು ಸಾವಿರ ಬಿಟ್ಟಿ. ಇನ್ಯಾಕೆ ದುಡೀತಾರೆ?"

ಯಾರಿಗೆ ಬಿಟ್ಟಿ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾರ್ಖಾನೆಯವನು ಕೊಡುವ ಸಂಬಳದಲ್ಲಿ ಅಕ್ಕಿ ಕೊಳ್ಳಲಾಗದು. ಆ ಅಕ್ಕಿಯನ್ನು ಸರ್ಕಾರ ಕೊಡುತ್ತದೆ. ಹೆಂಗಸರು ಕೆಲಸಕ್ಕೆ ಬರುವ ಬಸ್ ಚಾರ್ಜನ್ನು ಮಾಲೀಕ ಕೊಡುವುದಿಲ್ಲ. 2023ರ ಜೂನ್‌ನಿಂದ ಸರ್ಕಾರ ಕೊಡುತ್ತಿದೆ. ಮನೆಗೆಲಸದಾಕೆಗೆ ನಾನು ಕಡಿಮೆ ಕೊಟ್ಟ ಎರಡು ಸಾವಿರವನ್ನು ಸರ್ಕಾರದ ಗೃಹಲಕ್ಷ್ಮಿ ತುಂಬಿಕೊಡುತ್ತಾಳೆ. ಹಾಗಾದರೆ ಬಿಟ್ಟಿ ಭಾಗ್ಯದ ಫಲಾನುಭವಿ ಯಾರು? ನಾನು. ಖಜಾಂಚಿಗಳು. ಆ ಕಾರ್ಖಾನೆಯವನು. ನಮ್ಮ ಹೆಸರಿನಲ್ಲಿ ಕಾರ್ಡು ಇಲ್ಲ ಅಷ್ಟೇ.

ಮೂರನೇ ಸಂಶೋಧನೆ ದೊಡ್ಡ ಉದ್ಯಮಿಗಳದು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂತ 2023ರಲ್ಲಿ ನಾರಾಯಣ ಮೂರ್ತಿಯವರು ಅಪ್ಪಣೆ ಕೊಡಿಸಿದರು. 2025ರಲ್ಲಿ ಎಲ್ ಅಂಡ್ ಟಿಯ ಸುಬ್ರಹ್ಮಣ್ಯನ್ ಅವರು 90ಕ್ಕೆ ಏರಿಸಿದರು. ದೇಶ ಕಟ್ಟಲು ಇದು ಬೇಕಂತೆ. ನಮ್ಮ ಗೇಟಿನ ಸೆಕ್ಯುರಿಟಿಯವನು ರಾಯಚೂರು ಕಡೆಯವನು. ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಏಳು ದಿನ. ಎಂಬತ್ತನಾಲ್ಕು. ಮೂರ್ತಿಯವರನ್ನು ಆತ ಎಂದೋ ಹಿಂದಿಕ್ಕಿದ್ದಾನೆ. ಪಾಳಿಯವನು ಕೈಕೊಟ್ಟ ವಾರ ಸುಬ್ರಹ್ಮಣ್ಯನ್ ಅವರನ್ನೂ ಹಿಂದಿಕ್ಕುತ್ತಾನೆ. ದೇಶ ಇಷ್ಟೊತ್ತಿಗೆ ಕಟ್ಟಿ ಮುಗಿಯಬೇಕಿತ್ತು.

ಅವನ ಲೆಕ್ಕ ಹಾಕಿ ನೋಡಿದೆ. ಏಜೆನ್ಸಿಗೆ ನಾವು ತಲೆಗೆ ₹22,000 ಕಟ್ಟುತ್ತೇವೆ. ಅವನ ಕೈಗೆ ಬರುವುದು ₹14,000. ಯೂನಿಫಾರ್ಮಿನ ದುಡ್ಡು ಮೊದಲ ತಿಂಗಳಲ್ಲೇ ಮುರಿದುಕೊಂಡಿದ್ದಾರೆ. ಎಂಟು ಗಂಟೆಯ ಇಪ್ಪತ್ತಾರು ದಿನಕ್ಕೆ 208 ಗಂಟೆ ಅಂತ ಕಾನೂನು ಲೆಕ್ಕ ಹಿಡಿಯುತ್ತದೆ. ಇವನು ನಿಲ್ಲುವುದು 360 ಗಂಟೆ. ಗಂಟೆಗೆ ₹38 ಚಿಲ್ಲರೆ. ಮಾಲ್‌ಗೆ ಹೋದಾಗ ನನ್ನ ಕಾರು ಸುಮ್ಮನೆ ನಿಂತದ್ದಕ್ಕೆ ನಾನು ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಕೊಡುತ್ತೇನೆ. ಕಾರಿಗೆ ನೆರಳಾದರೂ ಇರುತ್ತದೆ.

"ನಡೀತದರೀ ಸರ," ಅಂತಾನೆ ಕೇಳಿದರೆ. ನಡೆಯುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ನಮ್ಮ ಮನೆಗೆಲಸದಾಕೆಯ ಲೆಕ್ಕ ಬಾಯಲ್ಲೇ ಇದೆ. "ಬಾಡಿಗೆ ಎಂಟು ಸಾವಿರ ಸಾರ್. ಸಾಲದ ಸಂಘಕ್ಕೆ ವಾರವಾರ ಕಟ್ಟಬೇಕು. ಒಂದು ಸಂಘದ್ದು ಕಟ್ಟೋಕೆ ಇನ್ನೊಂದು ಸಂಘದಲ್ಲಿ ತಗೊಂಡೆ." ನಾಲ್ಕು ಮನೆ ಮಾಡುತ್ತಾಳೆ. ಮನೆಗೆಲಸಕ್ಕೂ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ಕರ್ನಾಟಕ. 2004ರಲ್ಲೇ. ಈ ಹೆಮ್ಮೆಯ ಸಂಗತಿ ನನ್ನ ಪರಿಚಯದ ಯಾವ ಮನೆಯವರಿಗೂ ಗೊತ್ತಿಲ್ಲ. ನವೆಂಬರ್ ಒಂದರಂದು ಬಾವುಟ ಕಟ್ಟಿ ಕನ್ನಡಿಗರ ಹಿರಿಮೆಗಳನ್ನು ಪಟ್ಟಿ ಮಾಡುವಾಗಲೂ ಇದನ್ನು ಯಾರೂ ಹೇಳಿದ್ದು ಕೇಳಿಲ್ಲ.

ಕಳೆದ ತಿಂಗಳು ನಮ್ಮ ಸಂಘದ ಸಭೆ ಇತ್ತು. ಎರಡು ವಿಷಯ. ಒಂದು, ಲಿಫ್ಟ್ ಮುಂದಿನ ಜಾಗಕ್ಕೆ ಹೊಸ ಗ್ರಾನೈಟ್. ನಾಲ್ಕೂವರೆ ಲಕ್ಷ. ಐದು ನಿಮಿಷದಲ್ಲಿ ಒಪ್ಪಿಗೆ. ಯಾವ ಬಣ್ಣ ಅನ್ನುವುದಕ್ಕೆ ಇನ್ನೊಂದು ಐದು ನಿಮಿಷ.

ಎರಡು, ಆರು ಜನ ಸೆಕ್ಯುರಿಟಿಯವರಿಗೆ ತಿಂಗಳಿಗೆ ತಲಾ ಒಂದು ಸಾವಿರ ಹೆಚ್ಚು ಕೊಡುವುದು. ಎಪ್ಪತ್ತೆರಡು ಮನೆ. ಮನೆಗೆ ₹83.

ಒಂದೂಕಾಲು ಗಂಟೆ ಚರ್ಚೆಯಾಯಿತು.

ಅದು ಏಜೆನ್ಸಿಗೂ ಅವರಿಗೂ ಸಂಬಂಧಿಸಿದ್ದು, ನಾವು ಮಧ್ಯೆ ಹೋಗಬಾರದು ಅಂದರು ಒಬ್ಬರು. ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಅಂದರು ಇನ್ನೊಬ್ಬರು. ಅವರ ಮನೆಯ ಬಾರ್ ನಾನು ನೋಡಿದ್ದೇನೆ. ಇವರಿಗೆ ಏರಿಸಿದರೆ ನಾಳೆ ಹೌಸ್‌ಕೀಪಿಂಗ್‌ನವರು ಕೇಳುತ್ತಾರೆ, ಆಮೇಲೆ ಮನೆಗೆಲಸದವರು, ಇಡೀ ಏರಿಯಾದ ರೇಟೇ ಕೆಡುತ್ತದೆ ಅಂದವರು ಆಫೀಸಿನಲ್ಲಿ ತಮಗೆ ಈ ಸಲ ಶೇ 9 ಮಾತ್ರ ಏರಿಸಿದ್ದಾರೆ ಅಂತ ಕಂಪನಿಯನ್ನು ಶಪಿಸುತ್ತಿದ್ದವರು. ಮಾನವೀಯತೆ ಇರಬೇಕು ಅಂತ ಒಬ್ಬ ಮೇಡಂ ಎದ್ದು ನಿಂತರು. ನನಗೆ ಆಸೆ ಹುಟ್ಟಿತು. ದೀಪಾವಳಿಗೆ ಎಲ್ಲರಿಗೂ ಒಂದೊಂದು ಸ್ವೀಟ್ ಬಾಕ್ಸ್ ಕೊಡೋಣ ಅಂದರು. ಚಪ್ಪಾಳೆ.

ಖಜಾಂಚಿಗಳು ನಿವೃತ್ತ ಸರ್ಕಾರಿ ಅಧಿಕಾರಿ. ವರ್ಷಕ್ಕೆರಡು ಸಲ ಪಿಂಚಣಿಯ ತುಟ್ಟಿಭತ್ಯೆ ಏರಿದಾಗ ಆ ಸುದ್ದಿಯನ್ನು ನಮ್ಮ ಗ್ರೂಪಿಗೆ ಮೊದಲು ಹಾಕುವವರು ಅವರೇ. ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಬಜೆಟ್‌ನಲ್ಲಿ ಅವಕಾಶ ಇಲ್ಲ. ಮುಂದಿನ ಸಭೆಗೆ ಇಡೋಣ."

ನಾನು ಮಾತಾಡಿದೆ. 208 ಗಂಟೆ, 360 ಗಂಟೆ, 1982ರ ತೀರ್ಪು, ಎಲ್ಲ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಆಮೇಲೆ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದೆ. ಬೋಂಡಾ ತಿಂದೆ.

ಸಭೆ ಮುಗಿದಾಗ ರಾತ್ರಿ ಒಂಬತ್ತೂವರೆ. ಗೇಟಿನಲ್ಲಿ ರಾಯಚೂರಿನವನೇ ಇದ್ದ. ಬೆಳಿಗ್ಗೆ ಎಂಟಕ್ಕೆ ಬಂದವನು. ರಾತ್ರಿ ಪಾಳಿಯವನು ಬಂದಿರಲಿಲ್ಲ.

"ಮೀಟಿಂಗ್‌ನ್ಯಾಗ ನಮ್ದೇನರ ಬಂತೇನ್ರೀ ಸರ?"

"ಮುಂದಿನ ಸಭೆಗೆ ಇಟ್ಟಿದ್ದಾರಪ್ಪ."

"ಆತ್ರೀ ಸರ," ಅಂದು ಸಲ್ಯೂಟ್ ಹೊಡೆದ.

ಗ್ರಾನೈಟ್ ಕೆಲಸ ಸೋಮವಾರವೇ ಶುರುವಾಯಿತು.